ಇನ್ನೂರು ರೂಪಾಯಿಯ ಛಾಪಾ ಕಾಗದ, ಮೂವತ್ತು ಲಕ್ಷದ ದಂಡ

ಇವರಿಗೆ,
ಮಾನ್ಯ ಕಂದಾಯ ಸಚಿವರು, ಕರ್ನಾಟಕ ಸರ್ಕಾರ
ಮಾನ್ಯ ನೋಂದಣಿ ಮಹಾಪರಿವೀಕ್ಷಕರು ಮತ್ತು ಮುದ್ರಾಂಕ ಆಯುಕ್ತರು, ಬೆಂಗಳೂರು

ಪ್ರತಿ: ರಿಜಿಸ್ಟ್ರಾರ್ ಜನರಲ್, ಕರ್ನಾಟಕ ಉಚ್ಚ ನ್ಯಾಯಾಲಯ, ಬೆಂಗಳೂರು

ವಿಷಯ: ಮುದ್ರಾಂಕ ಶುಲ್ಕ ಕಡಿಮೆಯಾದ ಹಾಗೂ ನೋಂದಣಿಯಾಗದ ದಸ್ತಾವೇಜುಗಳು ಸಿವಿಲ್ ನ್ಯಾಯಾಲಯಕ್ಕೆ ಬಂದಾಗ ಕಕ್ಷಿದಾರರಿಗೆ ಆಗುತ್ತಿರುವ ತೊಂದರೆ ಕುರಿತು

ಮಾನ್ಯರೇ,

ಬೆಂಗಳೂರಿನ ಸಿವಿಲ್ ಕೋರ್ಟುಗಳಲ್ಲಿ ಸಾಕ್ಷಿ ವಿಚಾರಣೆಗೆ ಕೂತವರೆಲ್ಲ ಕಂಡಿರುವ ಸಂಗತಿಯಿದು. ವಾದಿ ಕಟಕಟೆ ಹತ್ತಿ ಪ್ರಮಾಣ ಮಾಡಿರುತ್ತಾರೆ. ಅವರ ವಕೀಲರು ಕ್ರಯದ ಕರಾರಿನ ಅಸಲನ್ನು ಮುಂದಿಟ್ಟು ನಿಶಾನೆ ಪಿ-1, ಅಂದರೆ ವಾದಿಯ ಕಡೆಯ ಮೊದಲ ದಾಖಲೆ, ಎಂದು ಗುರುತಿಸಿಕೊಳ್ಳಲು ಕೋರುತ್ತಾರೆ. ಎದುರು ವಕೀಲರು ಎದ್ದು ಮೂರನೇ ಪುಟದ ಒಂದು ಸಾಲನ್ನು ಓದುತ್ತಾರೆ: "ಈ ದಿವಸವೇ ಸದರಿ ಸ್ವತ್ತನ್ನು ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ." ಅಲ್ಲಿಗೆ ವಿಚಾರಣೆ ನಿಂತಿತು. ಕರಾರು ಇರುವುದು 200 ರೂಪಾಯಿಯ ಇ-ಸ್ಟಾಂಪ್ ಕಾಗದದ ಮೇಲೆ. ಸ್ವಾಧೀನ ಬಿಟ್ಟುಕೊಟ್ಟ ಕರಾರಿಗೆ ಕರ್ನಾಟಕ ಮುದ್ರಾಂಕ ಕಾಯಿದೆ, 1957ರ ಅನುಸೂಚಿಯ 5(ಇ)(i) ಬಾಬಿನಲ್ಲಿ ಕ್ರಯಪತ್ರಕ್ಕೆ ಕಟ್ಟುವಷ್ಟೇ ಶುಲ್ಕ ಕಟ್ಟಬೇಕಿತ್ತು.

ಲೆಕ್ಕವನ್ನು ಬಿಡಿಸಿಯೇ ಹೇಳುತ್ತೇವೆ. ಸೈಟಿನ ಬೆಲೆ 60 ಲಕ್ಷ, ಶುಲ್ಕ ಶೇ. 5 ಎಂದಿಟ್ಟುಕೊಳ್ಳಿ, ಸೆಸ್ಸು, ಸರ್‌ಚಾರ್ಜು ಸದ್ಯಕ್ಕೆ ಬೇಡ. ಕಟ್ಟಬೇಕಿದ್ದದ್ದು 3,00,000. ಕಟ್ಟಿದ್ದು 200. ಕೊರತೆ 2,99,800. ಕಾಯಿದೆಯ 34ನೇ ಕಲಮಿನ ಪ್ರಕಾರ ನ್ಯಾಯಾಲಯದಲ್ಲೇ ಕಟ್ಟಿ ದಸ್ತಾವೇಜನ್ನು ಸಾಕ್ಷ್ಯವಾಗಿಸಬೇಕಾದರೆ ಕೊರತೆಯ ಜೊತೆಗೆ ಅದರ ಹತ್ತು ಪಟ್ಟು ದಂಡ, ಅಂದರೆ 29,98,000. ಒಟ್ಟು 32,97,800 ರೂಪಾಯಿ. ಸೈಟಿನ ಅರ್ಧ ಬೆಲೆಗಿಂತ ಹೆಚ್ಚು! ಇದನ್ನು ಕೇಳಿದ ಕಕ್ಷಿದಾರ ಮೊದಲು ತನ್ನ ವಕೀಲರ ಮುಖ ನೋಡುತ್ತಾನೆ, ಆಮೇಲೆ ಕರಾರು ಬರೆದುಕೊಟ್ಟವರ ಹೆಸರು ನೆನಪಿಸಿಕೊಳ್ಳಲು ನೋಡುತ್ತಾನೆ.

ಶುಲ್ಕ ಕಟ್ಟುವುದು ಬೇಡ ಎಂಬುದು ನಮ್ಮ ವಾದವಲ್ಲ. ಕೋಟಿ ಬೆಲೆಯ ಸ್ವತ್ತನ್ನು ಬೇಕೆಂದೇ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ), ಕರಾರು, ಅಫಿಡವಿಟ್, ಹಣದ ರಸೀದಿ ಎಂಬ ನಾಲ್ಕು ಕಾಗದದಲ್ಲಿ ಕೈಬದಲಾಯಿಸಿ ಸರ್ಕಾರದ ಬೊಕ್ಕಸಕ್ಕೆ ಚೊಂಬು ಕೊಡುವವರ ಪರ ನಾವು ನಿಂತಿಲ್ಲ. ಅಂಥ ವ್ಯವಹಾರದಿಂದ ಹಕ್ಕು ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ. ನಮ್ಮ ತಕರಾರು ಬೇರೆ. ಈ ಹನ್ನೊಂದು ಪಟ್ಟಿನ ಹೊರೆಯಿಂದ ನ್ಯಾಯವಾಗಿ ಹೊರಬರಲು ಅದೇ ಕಾಯಿದೆಯಲ್ಲಿ ಇನ್ನೊಂದು ಬಾಗಿಲಿದೆ. ಅದು ಎಲ್ಲಿದೆ ಎಂದು ಕಕ್ಷಿದಾರನಿಗೆ ಯಾರೂ ತೋರಿಸುವುದಿಲ್ಲ. ತೋರಿಸಿದರೂ ಅದರಾಚೆ ಕಾಗದ ಎಷ್ಟು ತಿಂಗಳು ಕೂರುತ್ತದೆ ಎಂಬುದಕ್ಕೆ ಲೆಕ್ಕವಿಲ್ಲ.

ಆ ಬಾಗಿಲು ಯಾವುದೆಂದರೆ 37(2) ಮತ್ತು 39ನೇ ಕಲಮು. ಶುಲ್ಕ ಕಡಿಮೆಯಾದ ದಸ್ತಾವೇಜು ಕಣ್ಣಿಗೆ ಬಿದ್ದ ಕೂಡಲೇ, ಎದುರು ಪಕ್ಷದವರು ಆಕ್ಷೇಪಿಸಲಿ ಬಿಡಲಿ, ಅದನ್ನು ಇಂಪೌಂಡ್ ಮಾಡುವುದು, ಅಂದರೆ ವಶಕ್ಕೆ ತೆಗೆದುಕೊಳ್ಳುವುದು, 33ನೇ ಕಲಮಿನಡಿ ನ್ಯಾಯಾಧೀಶರ ಕರ್ತವ್ಯ. ಆಮೇಲೆ ದಸ್ತಾವೇಜು ತಂದವನ ಮುಂದೆ ಎರಡು ದಾರಿ. ಒಂದು, ಕೊರತೆಯನ್ನೂ ಹತ್ತು ಪಟ್ಟು ದಂಡವನ್ನೂ ಅಲ್ಲೇ ಕಟ್ಟಿ ಗುರುತಿಸಿಕೊಳ್ಳುವುದು. ಎರಡು, ಅಸಲನ್ನು ಡೆಪ್ಯುಟಿ ಕಮಿಷನರ್‌ಗೆ, ಅಂದರೆ ವ್ಯವಹಾರದಲ್ಲಿ ಆ ಅಧಿಕಾರ ಚಲಾಯಿಸುವ ಜಿಲ್ಲಾ ನೋಂದಣಾಧಿಕಾರಿಗೆ, ಕಳಿಸಿಕೊಡಿ ಎಂದು ಕೋರುವುದು. ಮೊದಲ ದಾರಿಯಲ್ಲಿ ನ್ಯಾಯಾಧೀಶರ ಕೈ ಕಟ್ಟಿದೆ. ಕಕ್ಷಿದಾರ ಬಡವನೋ, ವಿಧವೆಯೋ, ತಪ್ಪು ಟೈಪಿಸ್ಟನದೋ ಎಂದು ನೋಡಿ ಎರಡು ಪಟ್ಟಿಗೋ ಮೂರು ಪಟ್ಟಿಗೋ ಇಳಿಸಲು ಅವರಿಗೆ ಅಧಿಕಾರವಿಲ್ಲ. 2018ರ ಡಿಸೆಂಬರಿನಲ್ಲಿ ಗಂಗಪ್ಪ – ಫಕ್ಕೀರಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ನಮ್ಮ ರಾಜ್ಯದ ಕಾಯಿದೆ ಇಟ್ಟುಕೊಂಡೇ ಹೇಳಿತು. ಎರಡನೇ ದಾರಿಯಲ್ಲಿ ಹಾಗಿಲ್ಲ. 39ನೇ ಕಲಮು ದಂಡವನ್ನು ಹತ್ತು ಪಟ್ಟಿಗೆ ಮೀರದಂತೆ ಎನ್ನುತ್ತದೆಯೇ ಹೊರತು ಹತ್ತೇ ಪಟ್ಟು ಎನ್ನುವುದಿಲ್ಲ. ಐದು ರೂಪಾಯಿ ದಂಡಕ್ಕೂ ಅಲ್ಲಿ ಜಾಗವಿದೆ. ಕಕ್ಷಿದಾರ ಈ ದಾರಿ ಬೇಕೆಂದರೆ ನ್ಯಾಯಾಲಯ ಅವನನ್ನು ಮೊದಲ ದಾರಿಗೆ ದೂಡುವಂತಿಲ್ಲ ಎಂಬ ಮಾತು ನಮ್ಮ ಹೈಕೋರ್ಟಿನಲ್ಲಿ 2012-13ರ ಹೊತ್ತಿಗೇ ಬಂದಿತ್ತು, 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದಲೂ ಬಂತು.

ಹತ್ತು ಪಟ್ಟು ಎಂಬುದು ವಿವೇಚನೆಯ ತುತ್ತತುದಿ. ವಂಚನೆ, ಬೇಕೆಂದೇ ಮಾಡಿದ ಮೋಸ ಕಂಡಾಗ ಹಾಕಬೇಕಾದ ದಂಡ, ಯಾಂತ್ರಿಕವಾಗಿ ಹಾಕುವಂಥದ್ದಲ್ಲ ಎಂದು 2020ರಲ್ಲಿ ಎಚ್.ಸಿ. ಧಾಂಡಾ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಆದರೂ ನಡೆಯುವುದೇನು? ಕೆಲವು ಆದೇಶಗಳನ್ನು ಓದಿದರೆ ಶುಲ್ಕದ ಲೆಕ್ಕ ಅರ್ಧ ಪುಟ, ದಂಡಕ್ಕೆ ಒಂದೇ ಸಾಲು: "ನಿಯಮಾನುಸಾರ ಹತ್ತು ಪಟ್ಟು ವಿಧಿಸಲಾಗಿದೆ." ಯಾಕೆ ಹತ್ತು, ಯಾಕೆ ಎರಡಲ್ಲ ಎಂಬುದಕ್ಕೆ ಕಾರಣವೇ ಇರುವುದಿಲ್ಲ. ವಿವೇಚನೆ ಇರುವವರೇ ಅದನ್ನು ಬಳಸದಿದ್ದರೆ ಎರಡು ದಾರಿ ಇದ್ದೂ ಒಂದೇ ಊರಿಗೆ ಹೋದಂತಾಯಿತು.

ಇನ್ನೊಂದು ಸಂಗತಿ ಬಹಳ ವಕೀಲರಿಗೂ ಮರೆತಿರುತ್ತದೆ. ನ್ಯಾಯಾಲಯದಲ್ಲಿ ಹತ್ತು ಪಟ್ಟು ಕಟ್ಟಿ ದಸ್ತಾವೇಜು ಗುರುತಿಸಿಕೊಂಡ ಮೇಲೆ ಅದರ ದೃಢೀಕೃತ ನಕಲು 37(1)ರಡಿ ಡೆಪ್ಯುಟಿ ಕಮಿಷನರ್‌ಗೆ ಹೋಗಬೇಕು. ಐದು ರೂಪಾಯಿಗಿಂತ ಮೇಲೆ ಕಟ್ಟಿದ ದಂಡದಲ್ಲಿ ಎಷ್ಟನ್ನಾದರೂ ಹಿಂದಿರುಗಿಸುವ ಅಧಿಕಾರ 38ನೇ ಕಲಮಿನಲ್ಲಿ ಅವರಿಗಿದೆ. ಸಾಲ ಸೋಲ ಮಾಡಿ ಕಟ್ಟಿದವನಿಗೆ ಇದು ಸಣ್ಣ ವಿಷಯವಲ್ಲ. ಆ ನಕಲು ಕಳಿಸಲು ಮರೆತರೆ ಮರುಪಾವತಿಯ ಮಾತು ಅಲ್ಲೇ ಮುಗಿಯಿತು. ಇಂಥ ಅರ್ಜಿಗೆ ಒಂದು ನಮೂನೆ, ಒಂದು ಅವಧಿ ಎಂದು ಇಲಾಖೆ ಪ್ರಕಟಿಸಿದರೆ ಎಷ್ಟೋ ಜನ ಉಸಿರಾಡುತ್ತಾರೆ.

ರೋಗ ಶುರುವಾಗುವುದು ಕೋರ್ಟಿನಲ್ಲಲ್ಲ, ಇ-ಸ್ಟಾಂಪ್ ಕೌಂಟರಿನಲ್ಲಿ. ಅಲ್ಲಿ ಕೇಳುವ ಪ್ರಶ್ನೆ "ಎಷ್ಟರದು ಬೇಕು?" ಎಂದು. "ಏತಕ್ಕೆ ಬೇಕು?" ಎಂದು ಕೇಳುವವರು ಅಪರೂಪ. ಮುದ್ರಿತವಾಗಿ ಬರುವ ಪ್ರಮಾಣಪತ್ರವನ್ನು ಹತ್ತಿರ ಹಿಡಿದು ನೋಡಿ. ಪ್ರಮಾಣಪತ್ರ ಸಂಖ್ಯೆ, ಕೊಂಡವರ ಹೆಸರು, ಅದರ ಕೆಳಗೆ ದಸ್ತಾವೇಜಿನ ವಿವರ. ಆ ವಿವರದಲ್ಲಿ ಬಹುಪಾಲು ಕರಾರುಗಳಿಗೆ ಬೀಳುವುದು "ಆರ್ಟಿಕಲ್ 5(ಜೆ) ಅಗ್ರಿಮೆಂಟ್ – ಇನ್ ಎನಿ ಅದರ್ ಕೇಸಸ್", ಅಂದರೆ ಬೇರೆ ಯಾವ ಬಾಬಿಗೂ ಸೇರದ ಕರಾರು. ಇನ್ನೂ ಕೆಳಗೆ ಪ್ರತಿಫಲದ ಮೊತ್ತ ಎಂಬ ಜಾಗದಲ್ಲಿ "0 (ಝೀರೋ)". ಮುಂದಿನ ಪುಟದಲ್ಲಿ 60 ಲಕ್ಷಕ್ಕೆ ಸ್ವತ್ತು ಮಾರುವ ಮಾತಿದೆ, 25 ಲಕ್ಷ ಮುಂಗಡ ಕೊಟ್ಟ ಚೆಕ್ಕಿನ ನಂಬರಿದೆ. ಮೊದಲ ಪುಟದಲ್ಲಿ ಸರ್ಕಾರವೇ ಸೊನ್ನೆ ಎಂದು ಮುದ್ರಿಸಿ ಕೊಟ್ಟಿದೆ. ಸೊನ್ನೆ ಹಾಕಿಸಿಕೊಂಡವನದೂ ತಪ್ಪು ಹೌದು. ಆದರೆ ಆ ಜಾಗದಲ್ಲಿ ಸೊನ್ನೆ ಹಾಕಿ ಮುಂದುವರಿಯಲು ಬಿಡುವ ವ್ಯವಸ್ಥೆಯದು?

ಟೈಪಿಂಗ್ ಅಂಗಡಿಗಳ ಕಂಪ್ಯೂಟರಿನಲ್ಲಿ ವರ್ಷಗಟ್ಟಲೆ ಹಳೆಯ ಒಂದು ಕರಡು ಇರುತ್ತದೆ. ಹೆಸರು, ಚೆಕ್ಕುಬಂದಿ, ಮೊತ್ತ ಬದಲಿಸಿ ಮಿಕ್ಕದ್ದನ್ನು ಹಾಗೇ ಮುದ್ರಿಸುತ್ತಾರೆ. ಸ್ವಾಧೀನದ ಆ ಸಾಲು ಹೀಗೆ ಬಂದು ಕೂರುತ್ತದೆ. ಎಷ್ಟೋ ಕರಾರುಗಳಲ್ಲಿ ಕೊಳ್ಳುವವನು ಸ್ವತ್ತಿನೊಳಗೆ ಕಾಲೇ ಇಟ್ಟಿರುವುದಿಲ್ಲ. ಬಾಡಿಗೆದಾರರು ಇನ್ನೂ ಅಲ್ಲೇ ಇರುತ್ತಾರೆ. ಆದರೆ ಶುಲ್ಕ ನಿರ್ಧಾರವಾಗುವುದು ದಸ್ತಾವೇಜಿನಲ್ಲಿ ಬರೆದದ್ದರ ಮೇಲೆ. ವಾದಪತ್ರದಲ್ಲಿ ಏನು ಹೇಳಿದ್ದೀರಿ, ನಿಜವಾಗಿ ಏನಾಯಿತು ಎಂಬುದು ಆಮೇಲಿನ ಮಾತು. ಕ್ರಯಪತ್ರಕ್ಕೆ ಮೊದಲೇ ಸ್ವಾಧೀನ "ಕೊಡಲು ಒಪ್ಪಿದೆ" ಎಂದಿದ್ದರೂ ಅದೇ ಬಾಬು. ಏಳು ಪದದ ಒಂದು ಸಾಲಿಗೆ ಮೂವತ್ತು ಲಕ್ಷ ಬೆಲೆ ಎಂದು ಆ ಟೈಪಿಸ್ಟನಿಗಾಗಲಿ, ಸಹಿ ಹಾಕುವವರಿಗಾಗಲಿ ಯಾರು ಹೇಳಬೇಕು?

ಭೋಗ್ಯದ ಪತ್ರಗಳದು ಇನ್ನೊಂದು ಕಥೆ. ಬೆಂಗಳೂರಿನಲ್ಲಿ ಜನ ಇದನ್ನು ಲೀಸ್ ಎನ್ನುತ್ತಾರೆ: ಮಾಲೀಕರಿಗೆ ಎಂಟೋ ಹತ್ತೋ ಲಕ್ಷ ಇಡುಗಂಟು, ಬಾಡಿಗೆ ಇಲ್ಲ, ಮೂರು ವರ್ಷ ವಾಸ, ಹೋಗುವಾಗ ದುಡ್ಡು ವಾಪಸ್. ಕಾನೂನಿನ ಕಣ್ಣಿಗೆ ಇದು ಬರೆದ ರೀತಿಗೆ ತಕ್ಕಂತೆ ಗುತ್ತಿಗೆಯೂ ಆಗಬಹುದು, ಸ್ವಾಧೀನಸಹಿತ ಅಡಮಾನವೂ ಆಗಬಹುದು. ಒಂದು ವರ್ಷ ಮೀರಿದ ಗುತ್ತಿಗೆಯಾದರೆ ನೋಂದಣಿ ಕಡ್ಡಾಯ; 100 ರೂಪಾಯಿ ಮೇಲಿನ ಇಂಥ ಅಡಮಾನವಾದರೂ ಕಡ್ಡಾಯ. ಬಹುತೇಕ ಮಂದಿಯ ಕೈಯಲ್ಲಿರುವುದು ಮಾತ್ರ 100 ರೂಪಾಯಿಯದೋ 200 ರೂಪಾಯಿಯದೋ ಕಾಗದ, ಇಬ್ಬರು ಸಾಕ್ಷಿಗಳ ಸಹಿ, ನೋಟರಿಯ ಕೆಂಪು ಮುದ್ರೆ. ಮಾಲೀಕ ದುಡ್ಡು ಕೊಡದೆ ಸತಾಯಿಸಿದಾಗ ಬಾಡಿಗೆದಾರ ಇದನ್ನು ಹಿಡಿದು ಕೋರ್ಟಿಗೆ ಬರುತ್ತಾನೆ. ನೋಟರಿ ಮುದ್ರೆ ನೋಂದಣಿಗೆ ಸಮವಲ್ಲ ಎಂಬುದು ಅಲ್ಲಿ ತಿಳಿಯುತ್ತದೆ. ದುಡ್ಡು ಕೊಟ್ಟದ್ದನ್ನು ಬ್ಯಾಂಕ್ ಖಾತೆಯಿಂದ ಕೊಟ್ಟಿದ್ದರೆ ಹೇಗೋ ಸಾಬೀತು ಮಾಡಬಹುದು. ನಗದಾಗಿ ಕೊಟ್ಟಿದ್ದರೆ ಆ ಕಾಗದವೇ ಆಧಾರ, ಅದಕ್ಕೇ ಇಂಪೌಂಡ್.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ದಂಡ ಕಟ್ಟಿದವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಶುಲ್ಕದ ಕೊರತೆ ವಾಸಿಯಾಗುವ ಕಾಯಿಲೆ. ಕಾಗದ ಅಸಿಂಧುವಾಗುವುದಿಲ್ಲ, ದುಡ್ಡು ಕಟ್ಟಿದರೆ ಸರಿಹೋಗುತ್ತದೆ. 2023ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಬಿಡಿಸಿ ಹೇಳಿತು, ಮತ್ತು ಆ ಪೀಠದ ತನಕ ವಿಷಯ ಹೋಗಲು ಬೆಂಗಳೂರಿನ ಒಂದು ಛತ್ರದ ಗುತ್ತಿಗೆ ಪತ್ರದ ವ್ಯಾಜ್ಯವೂ ಕಾರಣವಾಗಿತ್ತು. ನೋಂದಣಿಯ ಕೊರತೆ ಹಾಗಲ್ಲ. ಬರೆದುಕೊಟ್ಟ ದಿನದಿಂದ ನಾಲ್ಕು ತಿಂಗಳೊಳಗೆ ಉಪನೋಂದಣಾಧಿಕಾರಿಯ ಮುಂದೆ ಹಾಜರುಪಡಿಸಬೇಕು. ತಪ್ಪಿದರೆ ಇನ್ನು ನಾಲ್ಕು ತಿಂಗಳು, ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗಿನ ದಂಡದೊಡನೆ, ಅದೂ ಅನಿವಾರ್ಯ ಕಾರಣ ತೋರಿಸಿದರೆ. ಆಮೇಲೆ ಎಷ್ಟು ಲಕ್ಷ ಕಟ್ಟಿದರೂ ಆ ಪತ್ರ ನೋಂದಣಿಯಾಗುವುದಿಲ್ಲ.

ಆದ್ದರಿಂದ ನೋಂದಣಿಯಾಗದ ಕ್ರಯಪತ್ರಕ್ಕೆ ಕೋರ್ಟಿನಲ್ಲಿ ಹನ್ನೊಂದು ಪಟ್ಟು ಕಟ್ಟಿದವನು ಸ್ವತ್ತು ತನ್ನದಾಯಿತೆಂದು ಮನೆಗೆ ಹೋದರೆ ಕೆಟ್ಟ. 1908ರ ನೋಂದಣಿ ಕಾಯಿದೆಯ 49ನೇ ಕಲಮು ಇನ್ನೂ ಅಡ್ಡ ನಿಂತಿರುತ್ತದೆ. ಅದು ಬಿಡುವುದು ಎರಡೇ ಸಂದು. ಕರಾರನ್ನು ನಿರ್ದಿಷ್ಟವಾಗಿ ನೆರವೇರಿಸಿಕೊಡಿ ಎಂಬ ದಾವೆಯಲ್ಲಿ ಕರಾರು ಆಗಿತ್ತು ಎಂದು ತೋರಿಸಲು ಆ ಕಾಗದ ಬಳಸಬಹುದು. ನೋಂದಣಿಯಾಗದ ಕ್ರಯಪತ್ರವನ್ನೂ ಇದಕ್ಕೆ ಬಳಸಬಹುದೆಂದು 2010ರಲ್ಲಿ ತೀರ್ಮಾನವಾಗಿದೆ. ಇಲ್ಲವೇ ಆನುಷಂಗಿಕ ಉದ್ದೇಶಕ್ಕೆ, ವಕೀಲರ ಮಾತಿನಲ್ಲಿ ಕೊಲ್ಯಾಟರಲ್ ಪರ್ಪಸ್‌ಗೆ, ಬಳಸಬಹುದು. ಸ್ವಾಧೀನಕ್ಕೆ ಬಂದದ್ದು ಹೇಗೆ, ಯಾವ ಹೆಸರಿನಲ್ಲಿ ಎಂದು ತೋರಿಸುವುದು ಆನುಷಂಗಿಕ. ಬಾಡಿಗೆ ವರ್ಷಕ್ಕೆ ಇಷ್ಟು ಏರಬೇಕು, ಇಷ್ಟು ವರ್ಷ ಖಾಲಿ ಮಾಡಿಸಕೂಡದು ಎಂಬಂಥವು ಗುತ್ತಿಗೆಯ ಜೀವಾಳದ ಷರತ್ತುಗಳು, ಆನುಷಂಗಿಕವಲ್ಲ, ಕೆ.ಬಿ. ಸಾಹಾ ಪ್ರಕರಣದಲ್ಲಿ 2008ರಲ್ಲಿ ಈ ಗೆರೆ ಎಳೆಯಲಾಗಿದೆ. ಮೂರು ವರ್ಷದ ಲಾಕ್-ಇನ್ (ಅಷ್ಟರೊಳಗೆ ಬಿಡಕೂಡದೆಂಬ ಷರತ್ತು) ಬರೆದು ನೋಂದಾಯಿಸದೆ ಬಿಟ್ಟ ಕಚೇರಿ ಬಾಡಿಗೆ ಪತ್ರಗಳು ನಗರದಲ್ಲಿ ಬೇಕಾದಷ್ಟಿವೆ. ಕೋರ್ಟಿನಲ್ಲಿ ಅವು ತಿಂಗಳು ತಿಂಗಳ ಬಾಡಿಗೆಯಾಗಿ ಉಳಿಯುತ್ತವೆ, ಹದಿನೈದು ದಿನದ ನೋಟಿಸಿಗೆ ಮುಗಿಯುತ್ತವೆ.

ಆನುಷಂಗಿಕ ಎಂಬ ಮಾತು ಹಿಡಿದು ಶುಲ್ಕದಿಂದಲೂ ತಪ್ಪಿಸಿಕೊಳ್ಳಬಹುದು ಎಂದುಕೊಂಡವರೂ ಇದ್ದಾರೆ. ಆಗದು. ನೋಂದಣಿ ಕಾಯಿದೆಯಲ್ಲಿ ಆ ಸಂದು ಇದೆ, ಮುದ್ರಾಂಕ ಕಾಯಿದೆಯಲ್ಲಿಲ್ಲ. ಅಲ್ಲಿರುವುದು "ಯಾವುದೇ ಉದ್ದೇಶಕ್ಕೆ" ಎಂಬ ಮಾತು. 24 ಸೆಪ್ಟೆಂಬರ್ 2001ರ ನಂತರದ ಸ್ವಾಧೀನಸಹಿತ ಕರಾರಿಗೆ ಇನ್ನೂ ಒಂದು ಪೆಟ್ಟಿದೆ. ನೋಂದಣಿಯಾಗಿಲ್ಲದಿದ್ದರೆ ಸ್ವತ್ತು ವರ್ಗಾವಣೆ ಕಾಯಿದೆಯ 53ಎ ಕಲಮಿನ ರಕ್ಷಣೆ ಸಿಗುವುದಿಲ್ಲ. ಅಂದರೆ ಒಳಗೆ ಕೂತವನು ಕರಾರು ತೋರಿಸಿ ಸ್ವಾಧೀನ ಉಳಿಸಿಕೊಳ್ಳಲಾರ. ಮೂವತ್ತು ಲಕ್ಷ ದಂಡ ಕಟ್ಟಿಸಿಕೊಂಡ ಮೇಲೆ ಇದನ್ನು ಅವನಿಗೆ ಹೇಳುವುದಕ್ಕಿಂತ ಮೊದಲೇ ಹೇಳುವುದು ಮನುಷ್ಯತ್ವ.

ಪಾಲುಪಟ್ಟಿಗಳ ವಿಷಯದಲ್ಲಿ ನಮ್ಮ ದಸ್ತಾವೇಜಿನ ಕನ್ನಡವೇ ಒಂದು ಬಲೆ. ಹಿಂದೆ ಬಾಯಿಮಾತಿನಲ್ಲಿ ಆಗಿಹೋದ ಪಾಲನ್ನು ನೆನಪಿಗೆ ಬರೆದಿಟ್ಟ ಪಟ್ಟಿಗೆ ನೋಂದಣಿ ಬೇಡ. ಆ ಕಾಗದದಿಂದಲೇ ಪಾಲಾಗಿದ್ದರೆ ನೋಂದಣಿಯೂ ಬೇಕು, ಪಾಲುಪತ್ರದ ಶುಲ್ಕವೂ ಬೇಕು. ಹಾಗಾದರೆ ನಿರ್ಧಾರ ಕ್ರಿಯಾಪದದ ಮೇಲೆ. ಆದರೆ ಬಿಕ್ಕಲಂದಾರರು, ಅಂದರೆ ದಸ್ತಾವೇಜು ಬರೆದುಕೊಡುವವರು, ಎಲ್ಲ ಬರೆಯುವುದು "ಹಂಚಿಕೊಂಡಿರುತ್ತೇವೆ" ಎಂದು. ಹೋದ ಯುಗಾದಿಯಲ್ಲಿ ಹಂಚಿಕೊಂಡರೋ, ಈ ಕಾಗದ ಬರೆದ ಸಂಜೆ ಹಂಚಿಕೊಂಡರೋ? ಆ "ಇರುತ್ತೇವೆ" ಎರಡಕ್ಕೂ ಒಗ್ಗುತ್ತದೆ. ಹಳ್ಳಿಯ ಹಿರಿಯರು ಅರಳಿಕಟ್ಟೆಯಲ್ಲಿ ಕೂತು ಬಗೆಹರಿಸಿದ್ದನ್ನು ಸಿಟಿ ಸಿವಿಲ್ ಕೋರ್ಟಿನಲ್ಲಿ ಎರಡು ಕಡೆಯ ವಕೀಲರು ಈ ಒಂದು ಪದಕ್ಕಾಗಿ ಎರಡು ದಿನ ವಾದಿಸುತ್ತಾರೆ. ಬರೆಯುವಾಗಲೇ "ಇಂಥ ದಿನ ಬಾಯಿಮಾತಿನಲ್ಲಿ ಪಾಲಾಗಿ ಅವರವರು ಅನುಭವಿಸಿಕೊಂಡು ಬಂದಿದ್ದನ್ನು ಇಂದು ನೆನಪಿಗಾಗಿ ಬರೆದಿಟ್ಟಿದ್ದೇವೆ" ಎಂದು, ಅದು ನಿಜವಾಗಿದ್ದರೆ, ಬರೆಯಲು ಅರ್ಧ ನಿಮಿಷ ಸಾಕು.

ನಕಲು ಪ್ರತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇಂಪೌಂಡ್ ಆಗುವುದು ಅಸಲು ಮಾತ್ರ, ಜೆರಾಕ್ಸಿಗೆ ದಂಡ ಕಟ್ಟಿ ಸರಿಮಾಡಿಕೊಳ್ಳಲು ಬರುವುದಿಲ್ಲ. ಅಸಲು ಕಳೆದುಹೋಗಿ, ಅದರ ಮೇಲೆ ಸರಿಯಾದ ಶುಲ್ಕವೂ ಇರಲಿಲ್ಲವೆಂದಾದರೆ ದಾರಿ ಮುಚ್ಚಿತು.

ಆಕ್ಷೇಪಣೆಯ ಹೊತ್ತಿನ ಬಗ್ಗೆ ಮಾತ್ರ ಹೇಳಲೇಬೇಕು, ಇದು ಉಚ್ಚ ನ್ಯಾಯಾಲಯದ ಗಮನಕ್ಕೆ. ಬೇರೆ ಆಕ್ಷೇಪಣೆಗಳನ್ನು ಬರೆದಿಟ್ಟುಕೊಂಡು ದಾಖಲೆಯನ್ನು ಗುರುತಿಸಿ ತೀರ್ಪಿನ ಹೊತ್ತಿಗೆ ನೋಡಬಹುದು, ಆದರೆ ಮುದ್ರಾಂಕ ಶುಲ್ಕದ ಆಕ್ಷೇಪಣೆಯನ್ನು ಆಗಲೇ ತೀರ್ಮಾನಿಸಬೇಕು ಎಂದು ಬಿಪಿನ್ ಶಾಂತಿಲಾಲ್ ಪಾಂಚಾಲ್ ಪ್ರಕರಣದಲ್ಲಿ 2001ರಲ್ಲೇ ಹೇಳಲಾಗಿದೆ. ಹಾಗಿದ್ದೂ "ಆಕ್ಷೇಪಣೆಗೆ ಒಳಪಟ್ಟು ಗುರುತಿಸಲಾಗಿದೆ" ಎಂಬ ಷರಾ ಶುಲ್ಕದ ಆಕ್ಷೇಪಣೆಗೂ ಬೀಳುತ್ತದೆ. ಸಾಕ್ಷ್ಯ ಬರೆದುಕೊಳ್ಳಲು ನ್ಯಾಯಾಲಯ ನೇಮಿಸಿದ ಕಮಿಷನರ್ ಮುಂದೆ ಸಾಕ್ಷ್ಯ ದಾಖಲಾದಾಗ ಇದು ಹೆಚ್ಚು, ಯಾಕೆಂದರೆ ತೀರ್ಮಾನಿಸುವ ಅಧಿಕಾರ ಅವರಿಗಿಲ್ಲ. ಪಾಟಿ ಸವಾಲು ಮುಗಿದು, ಪ್ರತಿವಾದಿಯ ಸಾಕ್ಷ್ಯ ಮುಗಿದು, ವಾದ ಮಂಡನೆಗೆ ನಿಂತ ದಿನ ಇಂಪೌಂಡ್ ಆದೇಶ ಬಂದರೆ ದಾವೆ ವರ್ಷಗಳಷ್ಟು ಹಿಂದೆ ಸರಿಯುತ್ತದೆ. ಇನ್ನೊಂದು ಕಡೆ, ಆಕ್ಷೇಪಣೆ ಇಲ್ಲದೆ ಒಮ್ಮೆ ಗುರುತಾಗಿಬಿಟ್ಟರೆ ಶುಲ್ಕದ ಕಾರಣಕ್ಕೆ ಆ ದಾವೆಯಲ್ಲಿ ಅದನ್ನು ಮತ್ತೆ ಪ್ರಶ್ನಿಸುವಂತಿಲ್ಲ. 35ನೇ ಕಲಮು ಹಾಗೆನ್ನುತ್ತದೆ, ಜಾವೇರ್ ಚಂದ್ ಪ್ರಕರಣದಿಂದ, ಅಂದರೆ 1961ರಿಂದ, ಅದೇ ನಿಲುವು. ಹೀಗಾಗಿ ಆ ಐದು ನಿಮಿಷದಲ್ಲಿ ವಕೀಲರು ಎದ್ದರೋ ಇಲ್ಲವೋ ಎಂಬುದರ ಮೇಲೆ ಒಬ್ಬನಿಗೆ ಮೂವತ್ತು ಲಕ್ಷ, ಇನ್ನೊಬ್ಬನಿಗೆ ಸೊನ್ನೆ. ಮುದ್ರಾಂಕ ಕಾಯಿದೆ ಇರುವುದು ಸರ್ಕಾರಕ್ಕೆ ಆದಾಯ ತರಲಿಕ್ಕೆ, ಎದುರು ಕಕ್ಷಿದಾರನ ಕೈಗೆ ತಾಂತ್ರಿಕ ಆಯುಧ ಕೊಡಲಿಕ್ಕಲ್ಲ ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹಿಂದೂಸ್ತಾನ್ ಸ್ಟೀಲ್ ಪ್ರಕರಣದಲ್ಲಿ ಹೇಳಿದ್ದು ಇದನ್ನೇ. ಆಯುಧವಂತೂ ಆಗಿದೆ. ನಮ್ಮಲ್ಲಿ ಬಹುಪಾಲು ವಕೀಲರು ಅದನ್ನು ಬಳಸಿದ್ದೇವೆ, ಬಳಸದೆ ಬಿಟ್ಟರೆ ನಮ್ಮ ಕಕ್ಷಿದಾರ ಕೇಳುತ್ತಾನೆ.

ಇನ್ನು ಕೋರಿಕೆಗಳು.

ಕಾನೂನು ತಿದ್ದದೆ, ಸುತ್ತೋಲೆಯಲ್ಲೇ ಆಗುವ ಕೆಲಸ ಮೊದಲು. ಇಂಪೌಂಡ್ ಆದೇಶದ ಜೊತೆಯಲ್ಲೇ ಕಕ್ಷಿದಾರನಿಗೆ ಕನ್ನಡದಲ್ಲಿ ಒಂದು ಪುಟದ ತಿಳಿವಳಿಕೆ ಪತ್ರ ಸಿಗಲಿ. ಕೊರತೆ ಇಷ್ಟು; ಇಲ್ಲೇ ಕಟ್ಟಿದರೆ ಹತ್ತು ಪಟ್ಟು ದಂಡದೊಡನೆ ಒಟ್ಟು ಇಷ್ಟು; ಬೇಡವಾದರೆ ಜಿಲ್ಲಾ ನೋಂದಣಾಧಿಕಾರಿಗೆ ಕಳಿಸಲು ಕೋರಬಹುದು, ಅಲ್ಲಿ ದಂಡ ಕಡಿಮೆಯಾಗಲೂಬಹುದು; ಶುಲ್ಕ ಕಟ್ಟಿದರೂ ನೋಂದಣಿಯ ಕೊರತೆ ನೀಗುವುದಿಲ್ಲ. ಈ ನಾಲ್ಕು ಮಾತು ಮತ್ತು ಕೆಳಗೆ ಆಯ್ಕೆಗೆ ಸಹಿ. ಇದಕ್ಕೆ ಹೈಕೋರ್ಟ್ ಒಂದು ನಮೂನೆ ಮಾಡಿಕೊಟ್ಟರೆ ಶಿರಸ್ತೇದಾರರ ಮೇಜಿನ ಲೆಕ್ಕದ ಜಗಳವೂ ಕಡಿಮೆಯಾಗುತ್ತದೆ. ಶುಲ್ಕದ ಆಕ್ಷೇಪಣೆಯನ್ನು ಸಾಕ್ಷ್ಯಕ್ಕೆ ಮೊದಲೇ, ವಿವಾದಾಂಶ ರೂಪಿಸುವ ದಿನ ಅಸಲನ್ನು ತರಿಸಿ ತೀರ್ಮಾನಿಸುವ ಪದ್ಧತಿ ಬಂದರೆ ಇನ್ನೂ ಒಳ್ಳೆಯದು. ಕಮಿಷನರ್ ಮುಂದೆ ಹೋಗುವ ದಾವೆಗಳಲ್ಲಂತೂ ಇದು ಆಗಲೇಬೇಕು.

ಜಿಲ್ಲಾ ನೋಂದಣಾಧಿಕಾರಿಗೆ ಹೋದ ಅಸಲು ಅರವತ್ತು ದಿನದೊಳಗೆ ಆದೇಶದೊಡನೆ ಕೋರ್ಟಿಗೆ ಮರಳಲಿ. ಈಗ ದಾವೆಗಳು "ಡಿ.ಆರ್. ವರದಿಗಾಗಿ" (ಡಿ.ಆರ್. ಎಂದರೆ ಜಿಲ್ಲಾ ನೋಂದಣಾಧಿಕಾರಿ) ಎಂಬ ಷರಾದಡಿ ಮುಂದಕ್ಕೆ ಹೋಗುತ್ತಲೇ ಇರುತ್ತವೆ. ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0ರಲ್ಲಿ ಋಣಭಾರ ಪತ್ರವನ್ನು ಮನೆಯಿಂದ ತೆಗೆಯಬಹುದಾದರೆ, ಇಂಪೌಂಡ್ ಆದ ದಸ್ತಾವೇಜು ಯಾವ ಮೇಜಿನಲ್ಲಿದೆ ಎಂದು ದಾವೆ ಸಂಖ್ಯೆ ಹಾಕಿ ನೋಡುವ ಒಂದು ಪುಟವನ್ನೂ ಸೇರಿಸಬಹುದು. ಕೋರ್ಟಿನಿಂದ ಹೊರಡುವ ಮುನ್ನ ಪ್ರತಿ ಪುಟ ಸ್ಕ್ಯಾನ್ ಆಗಿ ದೃಢೀಕೃತ ಪ್ರತಿ ಕಡತದಲ್ಲಿ ಉಳಿಯಲಿ. ಒಂದೇ ಅಸಲು ಅಂಚೆಯಲ್ಲಿ ಹೋಗಿ ಕಳೆದರೆ ಅದಕ್ಕೆ ಪರಿಹಾರವಿಲ್ಲ. ದಂಡದ ಆದೇಶದಲ್ಲಿ ಎಷ್ಟು ಪಟ್ಟು, ಯಾಕೆ ಅಷ್ಟು ಎಂದು ಕಾರಣ ಬರೆಯುವುದು ಕಡ್ಡಾಯವಾಗಲಿ. ಲೆಕ್ಕ ದಸ್ತಾವೇಜು ಬರೆದ ದಿನದ ಬೆಲೆಯ ಮೇಲೆ ಆಗಬೇಕು. ಹದಿನೈದು ಇಪ್ಪತ್ತು ವರ್ಷ ಹಿಂದಿನ ಮಾರ್ಗಸೂಚಿ ಬೆಲೆಯ ಪಟ್ಟಿಗಳು ಎಲ್ಲರಿಗೂ ಸಿಗುವ ಹಾಗೆ ಜಾಲತಾಣದಲ್ಲಿ ಇಲ್ಲದ್ದರಿಂದ ಅದನ್ನು ಪರೀಕ್ಷಿಸಲು ಕಕ್ಷಿದಾರನಿಗೆ ಸಾಧ್ಯವೇ ಆಗುತ್ತಿಲ್ಲ. ಅವನ್ನು ಹಾಕಿಬಿಡಿ.

ಇ-ಸ್ಟಾಂಪ್ ವ್ಯವಸ್ಥೆಯಲ್ಲಿ ಕರಾರು ಎಂದು ಆಯ್ದಾಗ ಎರಡು ಪ್ರಶ್ನೆ ತಾನಾಗಿ ಏಳಲಿ: ಸ್ವತ್ತು ಮಾರುವ ಕರಾರೇ? ಸ್ವಾಧೀನ ಕೊಟ್ಟಿದೆಯೇ ಅಥವಾ ಕ್ರಯಪತ್ರಕ್ಕೆ ಮೊದಲೇ ಕೊಡಲು ಒಪ್ಪಿದೆಯೇ? ಎರಡಕ್ಕೂ ಹೌದು ಎಂದರೆ 5(ಜೆ) ಬಾಬಿನಲ್ಲಿ ಕಾಗದ ಮುದ್ರಣವಾಗದಿರಲಿ. ಸ್ವತ್ತಿನ ಕರಾರಿಗೆ ಪ್ರತಿಫಲದ ಜಾಗದಲ್ಲಿ ಸೊನ್ನೆ ಒಪ್ಪಿಕೊಳ್ಳದಿರಲಿ. ಬಿಕ್ಕಲಂದಾರರಿಗೆ, ನೋಟರಿಗಳಿಗೆ, ಕೌಂಟರಿನವರಿಗೆ ಸ್ವಾಧೀನದ ಸಾಲು ಮತ್ತು ಭೋಗ್ಯದ ಪತ್ರದ ಬಗ್ಗೆ ಎರಡು ಪುಟದ ಕೈಪಿಡಿ ಸಾಕು, ದೊಡ್ಡ ಕಾರ್ಯಾಗಾರ ಬೇಡ.

ಕಾನೂನಿನ ತಿದ್ದುಪಡಿ ಕೊನೆಯದು, ಮತ್ತು ಸಚಿವರನ್ನು ಉದ್ದೇಶಿಸಿದ್ದು. 34ನೇ ಕಲಮಿನ ಪರಂತುಕದಲ್ಲಿ (ಆದರೆ ಎಂದು ಶುರುವಾಗುವ ಷರತ್ತಿನಲ್ಲಿ) ಇರುವ ಹತ್ತು ಪಟ್ಟಿನ ಬದಲು, 39ರಲ್ಲಿ ಇರುವಂತೆ "ಹತ್ತು ಪಟ್ಟಿಗೆ ಮೀರದಂತೆ" ಎಂದು ಮಾಡಿದರೆ ನ್ಯಾಯಾಧೀಶರೇ ಕಾರಣ ಬರೆದು ದಂಡ ಗೊತ್ತುಮಾಡಬಹುದು. ಅಸಲು ಕಚೇರಿಯಿಂದ ಕಚೇರಿಗೆ ಓಡಾಡುವುದೂ ತಪ್ಪುತ್ತದೆ. ಅಥವಾ ಮಹಾರಾಷ್ಟ್ರದಂತೆ ವಿಳಂಬದ ತಿಂಗಳಿಗೆ ಕೊರತೆಯ ಶೇ. 2ರಂತೆ, ಒಂದು ಮಿತಿಯವರೆಗೆ ಎಂಬ ದಂಡವನ್ನಾದರೂ ತನ್ನಿ. ಬೊಕ್ಕಸಕ್ಕೂ ಇದರಲ್ಲಿ ನಷ್ಟವಿಲ್ಲ ಎಂಬುದು ನಮ್ಮ ಅಂದಾಜು. ಹನ್ನೊಂದು ಪಟ್ಟು ಕೇಳಿದ ಕಕ್ಷಿದಾರ ಎಷ್ಟೋ ಸಲ ಕಾಗದವನ್ನು ಕೋರ್ಟಿಗೇ ತರದೆ, ಇದ್ದಬದ್ದ ಬೇರೆ ಸಾಕ್ಷ್ಯದ ಮೇಲೆ ದಾವೆ ನಡೆಸುತ್ತಾನೆ. ಆಗ ಸರ್ಕಾರಕ್ಕೆ ಮೂಲ ಶುಲ್ಕವೂ ಬರುವುದಿಲ್ಲ. ಎರಡು ಪಟ್ಟು ಎಂದಿದ್ದರೆ ತಂದು ಕಟ್ಟುತ್ತಿದ್ದ.

ಈ ಪತ್ರಕ್ಕೆ ಉತ್ತರವಾಗಿ ಮೊದಲು ಆ ಒಂದು ಪುಟದ ತಿಳಿವಳಿಕೆ ಪತ್ರದ ಬಗ್ಗೆ ನಿಮ್ಮ ನಿಲುವು ತಿಳಿಸಬೇಕೆಂದು ಕೋರುತ್ತೇವೆ. ನಮೂನೆಯ ಕರಡು ಬೇಕಿದ್ದರೆ ಸಿದ್ಧಮಾಡಿ ಕೊಡುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಸಿವಿಲ್ ನ್ಯಾಯಾಲಯಗಳಲ್ಲಿ ವೃತ್ತಿ ನಡೆಸುತ್ತಿರುವ ಕೆಲವು ವಕೀಲರು